ಬೇಸ್‌ಮೆಂಟ್ ಬಾತ್‌ರೂಮ್‌ಗೆ ಮೆಸರೇಟರ್ ಪಂಪ್: ಮೆಷಿನ್ ಚೆನ್ನಾಗಿದೆ, ಆದರೆ ಮೊದಲು ಸ್ಯಾಂಕ್ಷನ್ ಪ್ಲ್ಯಾನ್ ತೆಗೆದು ನೋಡಿ

ಟಾಯ್ಲೆಟ್ ಕೊಳಚೆಯನ್ನು ನುಣ್ಣಗೆ ಮಾಡಿ ಮೇಲಕ್ಕೆ ತಳ್ಳುವ ಈ ಪಂಪ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಅದನ್ನು ಮಾರುವ ರೀತಿಗೆ ಐದಕ್ಕೆ ಒಂದು. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಬೆಂಗಳೂರಲ್ಲಿ ಈಗ ಸುಮಾರು ಜನ ಬೇಸ್‌ಮೆಂಟ್‌ನಲ್ಲಿ ರೂಮು, ಬಾತ್‌ರೂಮು ಮಾಡಿಸುವ ಯೋಚನೆಯಲ್ಲಿದ್ದಾರೆ, ಅವರಲ್ಲಿ ಹೆಚ್ಚಿನವರು ಮೊದಲು ಹೋಗುವುದು ಸ್ಯಾನಿಟರಿ ಅಂಗಡಿಗೆ. ಮೊದಲು ಹೋಗಬೇಕಾದ್ದು ಅಲ್ಲಿಗಲ್ಲ.

ನಮ್ಮ ಮನೆ ರಾಜರಾಜೇಶ್ವರಿ ನಗರದ ಇಳಿಜಾರಿನಲ್ಲಿದೆ. ಮುಂದಿನ ರಸ್ತೆ ಎತ್ತರ, ಸೈಟಿನ ಹಿಂಭಾಗ ತಗ್ಗು. ನಾವು ಕೊಳ್ಳುವಾಗಲೇ ಕೆಳಗೊಂದು ಬೇಸ್‌ಮೆಂಟ್ ಇತ್ತು. ಅಲ್ಲಿ ಕಾರು ನಿಲ್ಲುತ್ತದೆ, ಒಂದಷ್ಟು ಸಾಮಾನು ಇದೆ, ಉಳಿದದ್ದು ಖಾಲಿ. ಮನೆಗೆಲಸಕ್ಕೆ ಬರುವವರಿಗೂ ಡ್ರೈವರ್‌ಗೂ ಬಳಸಲು ಒಂದು ಸರಿಯಾದ ಟಾಯ್ಲೆಟ್ ಇರಲಿಲ್ಲ, ಅದು ನನ್ನ ಮನಸ್ಸನ್ನು ಚುಚ್ಚುತ್ತಲೇ ಇತ್ತು. ಅತ್ತೆ ಹಿತ್ತಲಲ್ಲಿ ಗಿಡ ನೋಡಿಕೊಳ್ಳುತ್ತಾರೆ, ಮಂಡಿ ನೋವು, ಪ್ರತಿ ಸಲ ಮೆಟ್ಟಿಲು ಹತ್ತಿ ಮೇಲೆ ಬರಬೇಕು. ಮಗನಿಗೆ ಅಲ್ಲೇ ತನಗೊಂದು ರೂಮ್ ಬೇಕು ಅನ್ನುವ ಆಸೆ. ಎಲ್ಲ ಸೇರಿ, ಒಂದು ರೂಮು ಒಂದು ಬಾತ್‌ರೂಮು ಮಾಡಿಸೋಣ ಅಂತ ಮಾತಾಯಿತು.

ತೊಂದರೆ ಏನಂದ್ರೆ, ಯುಜಿಡಿ, ಅಂದರೆ ಊರಿನ ಒಳಚರಂಡಿ ಲೈನ್ ಇರುವುದು ಮುಂದಿನ ರಸ್ತೆಯಲ್ಲಿ. ಬೇಸ್‌ಮೆಂಟ್ ನೆಲ ಆ ಲೈನ್‌ಗಿಂತ ಕೆಳಗೆ. 110 ಎಂಎಂ ಪೈಪ್ ಹಾಕಿದರೆ ಹತ್ತಡಿಗೆ ಎರಡು ಇಂಚಿನಷ್ಟಾದರೂ ಇಳಿಜಾರು ಕೊಡಬೇಕು. ನಮ್ಮಲ್ಲಿ ಇಳಿಜಾರಿನ ಮಾತೇ ಇಲ್ಲ, ಎಲ್ಲವನ್ನೂ ಮೇಲಕ್ಕೆ ಎತ್ತಬೇಕು. ಅದಕ್ಕೇ ಈ ಪಂಪ್.

ಇದು ಕಮೋಡ್ ಹಿಂದೆ ಕೂರುವ ಒಂದು ಪ್ಲಾಸ್ಟಿಕ್ ಡಬ್ಬಿ. ಫ್ಲಶ್ ಮಾಡಿದಾಗ ಬಂದದ್ದನ್ನು ಒಳಗಿನ ಬ್ಲೇಡ್ ನುಣ್ಣಗೆ ಮಾಡುತ್ತದೆ. ಆಮೇಲೆ ಮೋಟಾರ್ ಅದನ್ನು 32 ಎಂಎಂನ ಸಣ್ಣ ಪೈಪಿನಲ್ಲಿ ಮೇಲಕ್ಕೆ ತಳ್ಳುತ್ತದೆ. ಮನೆಗೆ ಬರುವ ಸಾಮಾನ್ಯ ಮಾಡೆಲ್‌ಗಳು ನಾಲ್ಕೈದು ಮೀಟರ್ ಎತ್ತರದವರೆಗೆ ತಳ್ಳುತ್ತವೆ. ಫ್ರಾನ್ಸಿನ ಎಸ್‌ಎಫ್‌ಎ ಕಂಪನಿಯ ಸಾನಿಫ್ಲೋ, ಡೆನ್ಮಾರ್ಕಿನ ಗ್ರುಂಡ್‌ಫಾಸ್‌ನ ಸೋಲೋಲಿಫ್ಟ್ ಇವೆಲ್ಲ ಇದೇ ಜಾತಿಯವು. ನಮ್ಮ ಮನೆಯಲ್ಲಿರುವುದು ಯಾವ ಕಂಪನಿಯದು ಅಂತ ಬರೆಯುವುದಿಲ್ಲ. ನಾನು ಹೇಳಬೇಕೆಂದಿರುವುದು ಈ ಬಗೆಯ ಪಂಪ್‌ಗಳ ಬಗ್ಗೆಯೇ ಹೊರತು ಒಂದು ಬ್ರ್ಯಾಂಡ್ ಬಗ್ಗೆ ಅಲ್ಲ.

ಸಿದ್ದಯ್ಯ ರಸ್ತೆಯಲ್ಲಿ ಅಂಗಡಿ ಅಂಗಡಿ ಸುತ್ತಿದೆವು. ಒಂದು ಕಡೆ ತುಂಬಾ ಚೆನ್ನಾಗಿ ಡೆಮೊ ತೋರಿಸಿದರು. ಪೈಪಿಗೆ ನೆಲ ಒಡೆಯಬೇಕಾಗುತ್ತಾ, ಪರ್ಮಿಷನ್ ಏನಾದರೂ ಬೇಕಾಗುತ್ತಾ ಅಂತ ಕೇಳಿದೆ. ‘ಅದೇ ಮೇಡಂ ಇದರ ಅನುಕೂಲ, ನೆಲ ಒಡೆಯೋ ಹಾಗಿಲ್ಲ, ನೆಲ ಒಡೆಯಲ್ಲ ಅಂದ್ಮೇಲೆ ಪರ್ಮಿಷನ್ ಯಾಕೆ, ಯಾರು ಬಂದು ನೋಡ್ತಾರೆ’ ಅಂದರು. ಬೆಡ್‌ರೂಮ್ ಪಕ್ಕದಲ್ಲೇ ಹಾಕಿಸಿ, ಮೇಲಿನ ಮನೆಯಂಥದ್ದೇ ಇನ್ನೊಂದು ಮನೆ ಆಗುತ್ತದೆ, ಬಾಡಿಗೆಗೂ ಕೊಡಬಹುದು ಅಂತಲೂ ಸೇರಿಸಿದರು. ಈ ಮಾತನ್ನೇ ಬೇರೆ ಬೇರೆ ರೀತಿಯಲ್ಲಿ ಬೇರೆ ಅಂಗಡಿಗಳಲ್ಲೂ ಕೇಳಿದೆ. ನನ್ನ ಒಂದು ಮಾರ್ಕು ಇದಕ್ಕೇ. ಪಂಪ್ ಬಿಡಿಸುವುದು ಪೈಪಿನ ಸಮಸ್ಯೆಯನ್ನು. ಬೇಸ್‌ಮೆಂಟ್‌ನಲ್ಲಿ ಏನು ಇರಬಹುದು, ಏನು ಇರಬಾರದು ಅನ್ನುವುದನ್ನು ಅದು ತೀರ್ಮಾನ ಮಾಡುವುದಿಲ್ಲ.

ಅದನ್ನು ತೀರ್ಮಾನ ಮಾಡುವುದು ನಿಮ್ಮ ಸ್ಯಾಂಕ್ಷನ್ ಪ್ಲ್ಯಾನ್, ಅಂದರೆ ಮನೆ ಕಟ್ಟಲು ಮಂಜೂರಾದ ನಕ್ಷೆ.

ನಮ್ಮ ಯಜಮಾನರಿಗೆ ಪರಿಚಯದ ಒಬ್ಬ ಸಿವಿಲ್ ಇಂಜಿನಿಯರ್ ಇದ್ದಾರೆ, ವಯಸ್ಸಾದವರು, ಪ್ಲ್ಯಾನ್ ಸಲ್ಲಿಸುವ ಕೆಲಸವನ್ನೇ ಮಾಡಿಕೊಂಡು ಬಂದವರು. ಪಂಪ್ ಕ್ಯಾಟಲಾಗ್ ಅವರ ಮುಂದೆ ಇಟ್ಟೆ. ಅದನ್ನು ಪಕ್ಕಕ್ಕೆ ಸರಿಸಿ, ‘ಮೊದಲು ಪ್ಲ್ಯಾನ್ ತನ್ನಿಯಮ್ಮ’ ಅಂದರು. ಮನೆ ಕೊಂಡಾಗ ಬಂದ ಕಾಗದಗಳ ಫೈಲಿನಲ್ಲಿ ಅದು ಇತ್ತು. ಬಿಡಿಸಿ ನೋಡಿದರೆ ಬೇಸ್‌ಮೆಂಟ್ ಅನ್ನುವ ಕಡೆ ಕಾರ್ ಪಾರ್ಕಿಂಗ್, ಸ್ಟೋರ್, ಹಿಂದಿನ ಮೂಲೆಯಲ್ಲಿ ಒಂದು ಚಿಕ್ಕ ಟಾಯ್ಲೆಟ್. ಹಿಂದಿನ ಮಾಲೀಕರು ಆ ಟಾಯ್ಲೆಟ್ ಕಟ್ಟಿಸಿಯೇ ಇರಲಿಲ್ಲ. ಬೆಡ್‌ರೂಮ್ ಎಲ್ಲೂ ಇಲ್ಲ.

ಹಾಗಾಗಿ ನಮಗೆ ಉತ್ತರ ಅಲ್ಲೇ ಸಿಕ್ಕಿತು. ಪ್ಲ್ಯಾನ್‌ನಲ್ಲಿ ತೋರಿಸಿದ ಜಾಗದಲ್ಲಿ, ತೋರಿಸಿದ ಅಳತೆಯಲ್ಲಿ ಬಾತ್‌ರೂಮ್ ಮಾಡಿಸಬಹುದು. ರೂಮ್ ಬೇಡ. ನಿಮ್ಮ ಪ್ಲ್ಯಾನ್‌ನಲ್ಲಿ ಟಾಯ್ಲೆಟ್ ತೋರಿಸಿಲ್ಲ ಅಂದರೆ ಮಾರ್ಪಾಡಿನ ಪ್ಲ್ಯಾನ್ ಹಾಕಿ ಮಂಜೂರಾತಿ ತಗೊಂಡು ಆಮೇಲೆ ಕೆಲಸ ಶುರು ಮಾಡಬೇಕು. ಕೆಲಸ ಮುಗಿಸಿ ಆಮೇಲೆ ಸರಿ ಮಾಡಿಸಿಕೊಳ್ಳೋಣ ಅನ್ನುವವರ ಮಾತು ಕೇಳಬೇಡಿ.

ಬೆಡ್‌ರೂಮ್ ಯಾಕೆ ಬೇಡ ಅಂತ ಮಗ ವಾದ ಮಾಡಿದ. ಇಂಜಿನಿಯರ್ ಅವನಿಗೆ ಸಮಾಧಾನವಾಗಿ ಹೇಳಿದರು. ನ್ಯಾಷನಲ್ ಬಿಲ್ಡಿಂಗ್ ಕೋಡ್ ಬೇಸ್‌ಮೆಂಟ್‌ಗೆ ಹೇಳುವ ಉಪಯೋಗಗಳು ಕೆಲವೇ: ಪಾರ್ಕಿಂಗ್, ಬೆಂಕಿ ಹೊತ್ತದ ಸಾಮಾನಿನ ಸ್ಟೋರ್, ಸ್ಟ್ರಾಂಗ್ ರೂಮ್, ಕಟ್ಟಡಕ್ಕೆ ಬೇಕಾದ ಮೆಷಿನ್‌ಗಳು, ಇಂಥವು. ಈ ಕೋಡ್ ತಾನಾಗಿಯೇ ಕಾನೂನಲ್ಲ, ಆಯಾ ಊರಿನ ಬೈಲಾ ಅದನ್ನು ಒಪ್ಪಿಕೊಂಡಷ್ಟು ಅದಕ್ಕೆ ಬಲ. ನಮಗೆ ಲೆಕ್ಕಕ್ಕೆ ಬರುವುದು 2003ರ ಬೆಂಗಳೂರು ಕಟ್ಟಡ ಬೈಲಾ, ಆಮೇಲೆ ಬಂದ ತಿದ್ದುಪಡಿಗಳು ಮತ್ತು ಮಾಸ್ಟರ್ ಪ್ಲ್ಯಾನ್ ನಿಯಮಗಳು. ಇವು ಕೂಡ ಬೇಸ್‌ಮೆಂಟನ್ನು ಜನ ಮಲಗುವ ಜಾಗ ಅಂತ ನೋಡುವುದಿಲ್ಲ. 2024ರ ಜುಲೈನಲ್ಲಿ ದೆಹಲಿಯ ಒಂದು ಕೋಚಿಂಗ್ ಸೆಂಟರ್ ಬೇಸ್‌ಮೆಂಟ್‌ಗೆ ಮಳೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಮುಳುಗಿ ಸತ್ತರಲ್ಲ, ಆ ಬೇಸ್‌ಮೆಂಟ್‌ಗೆ ಅನುಮತಿ ಇದ್ದದ್ದು ಪಾರ್ಕಿಂಗ್ ಮತ್ತು ಸ್ಟೋರ್‌ಗೆ, ಅಲ್ಲಿ ನಡೆಯುತ್ತಿದ್ದದ್ದು ಲೈಬ್ರರಿ. ಅಷ್ಟು ಕೇಳಿದ ಮೇಲೆ ಮಗ ಮತ್ತೆ ಮಾತೆತ್ತಲಿಲ್ಲ. ನನಗೂ ಆ ವಿಷಯ ಅಲ್ಲಿಗೆ ಮುಗಿಯಿತು. ನಿಯಮ ಇದೆ ಅಂತ ಮಾತ್ರ ಅಲ್ಲ, ರಾತ್ರಿ ಜೋರು ಮಳೆ ಬಂದರೆ ಕೆಳಗೆ ಮಗ ಮಲಗಿದ್ದಾನೆ ಅನ್ನುವ ಯೋಚನೆಯಲ್ಲಿ ನಾನು ನಿದ್ದೆ ಮಾಡಲಾರೆ.

ಇಲ್ಲಿ ಅಮೆರಿಕದ ವಿಡಿಯೊಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ನೆಟ್‌ನಲ್ಲಿ ಬೇಸ್‌ಮೆಂಟ್ ಬಾತ್‌ರೂಮ್ ಅಂತ ಹುಡುಕಿದರೆ ಬರುವುದೆಲ್ಲ ಅಲ್ಲಿಯವೇ. ಓಹಾಯೊದಲ್ಲಿರುವ ನಮ್ಮ ಭಾವನ ಮನೆಯಲ್ಲೂ ಬೇಸ್‌ಮೆಂಟ್‌ನಲ್ಲಿ ಬೆಡ್‌ರೂಮು, ಬಾತ್‌ರೂಮು ಎರಡೂ ಇವೆ. ಅಲ್ಲಿ ಅದು ಸರಿ. ಆದರೆ ಆ ವಿಡಿಯೊಗಳಲ್ಲಿ ಟೈಲ್ಸ್ ತೋರಿಸುತ್ತಾರೆ, ಪರ್ಮಿಟ್ ತೋರಿಸುವುದಿಲ್ಲ. ಅಲ್ಲಿನ ರಾಜ್ಯಗಳು ಅನುಸರಿಸುವ ಮನೆಗಳ ಕೋಡ್ ಪ್ರಕಾರ ಬೇಸ್‌ಮೆಂಟ್ ಬೆಡ್‌ರೂಮ್‌ಗೆ ಬೆಂಕಿ ಬಿದ್ದರೆ ಮನುಷ್ಯ ಹೊರಗೆ ಹತ್ತಿ ಹೋಗುವಂಥ ಕಿಟಕಿ ಇರಲೇಬೇಕು, ತೆರೆದಾಗ ಕನಿಷ್ಠ 5 ಚದರಡಿ ಜಾಗ ಸಿಗಬೇಕು, ಕಿಟಕಿಯ ಕೆಳಅಂಚು ನೆಲದಿಂದ 44 ಇಂಚಿಗಿಂತ ಮೇಲೆ ಇರಬಾರದು. ಬಾತ್‌ರೂಮ್ ಎತ್ತರ 6 ಅಡಿ 8 ಇಂಚಿಗೆ ಕಡಿಮೆ ಇರಬಾರದು. ಪೈಪು ಎಳೆದ ಮೇಲೆ, ಗೋಡೆ ಮುಚ್ಚುವ ಮುಂಚೆ, ಇನ್ಸ್‌ಪೆಕ್ಟರ್ ಬಂದು ನೋಡಿ ಸಹಿ ಹಾಕಬೇಕು. ಇದರಲ್ಲಿ ನಾವು ಕಲಿಯಬೇಕಾದ್ದು ಆ ಕೊನೆಯದನ್ನು. ನಮ್ಮಲ್ಲಿ ಮನೆಯೊಳಗಿನ ಪೈಪು ನೋಡಲು ಯಾರೂ ಬರುವುದಿಲ್ಲ, ಹಾಗಾಗಿ ನಾವೇ ಇಂಜಿನಿಯರನ್ನು ಕರೆಸಿದೆವು. ಪೈಪಿಗೆ ನೀರು ತುಂಬಿಸಿ ಒಂದು ರಾತ್ರಿ ಬಿಟ್ಟು, ಎಲ್ಲೂ ಸೋರಿಲ್ಲ ಅಂತ ಅವರು ಖಾತ್ರಿ ಮಾಡಿಕೊಂಡ ಮೇಲೆಯೇ ಟೈಲ್ಸ್ ಹಾಕಿಸಿದ್ದು. ಪ್ಲಂಬರ್‌ಗೆ ಸ್ವಲ್ಪ ಬೇಜಾರಾಯಿತು, ಪರವಾಗಿಲ್ಲ.

ಈಗ ಅಳತೆಗಳು. ಬಿಲ್ಡಿಂಗ್ ಕೋಡ್ ಪ್ರಕಾರ ಸ್ನಾನ ಮತ್ತು ಕಮೋಡ್ ಒಟ್ಟಿಗೆ ಇರುವ ಬಾತ್‌ರೂಮ್ ಕನಿಷ್ಠ 2.8 ಚದರ ಮೀಟರ್ ಇರಬೇಕು, ಅಂದರೆ ಸುಮಾರು 30 ಚದರಡಿ, ಅಗಲ 1.2 ಮೀಟರ್‌ಗೆ ಕಡಿಮೆ ಆಗಬಾರದು. ಎತ್ತರ 2.1 ಮೀಟರ್. ಹೊರಗಿನ ಗಾಳಿಗೆ ಅಥವಾ ಶಾಫ್ಟ್‌ಗೆ ತೆರೆಯುವ ವೆಂಟಿಲೇಟರ್ 0.3 ಚದರ ಮೀಟರ್ ಇರಬೇಕು. ಕೇಳಿದರೆ ಸುಲಭ ಅನಿಸುತ್ತದೆ. ಸಿಕ್ಕಿಹಾಕಿಕೊಳ್ಳುವುದು ಎತ್ತರದಲ್ಲಿ, ಅದೂ ಈ ಪಂಪ್‌ನಿಂದಲೇ.

ಹೇಗೆ ಅಂತ ಹೇಳುತ್ತೇನೆ. ಪಂಪ್ ಡಬ್ಬಿ ನೆಲದ ಮೇಲೆ ಕೂರುತ್ತದೆ, ಅದರ ಬಾಯಿ ನೆಲಕ್ಕಿಂತ ಮೇಲೆ. ಕಮೋಡ್‌ಗೆ ತೊಂದರೆ ಇಲ್ಲ, ಹಿಂದಕ್ಕೆ ಔಟ್‌ಲೆಟ್ ಇರುವ ಪಿ ಟ್ರ್ಯಾಪ್ ಕಮೋಡ್ ಹಾಕಿದರೆ ಆಯಿತು. ಆದರೆ ಸ್ನಾನದ ನೀರು? ನಾವು ಬಕೆಟ್ ಇಟ್ಟು ಚೊಂಬಿನಲ್ಲಿ ಸ್ನಾನ ಮಾಡುವವರು, ಬಾತ್‌ರೂಮ್ ತೊಳೆಯುವಾಗ ನೆಲದ ತುಂಬಾ ನೀರು ಹಾಕುವವರು. ಆ ನೀರೆಲ್ಲ ನೆಲದ ಟ್ರ್ಯಾಪ್‌ಗೆ ಹೋಗಿ, ಅಲ್ಲಿಂದ ಪಂಪ್ ಬಾಯಿಗೆ ಇಳಿದು ಹೋಗಬೇಕು. ಹಾಗಾಗಬೇಕಾದರೆ ಬಾತ್‌ರೂಮ್ ನೆಲವನ್ನೇ ಎತ್ತರಿಸಬೇಕು. ಅಂಗಡಿಯಲ್ಲಿ ತೋರಿಸುವ ಫೋಟೊಗಳಲ್ಲಿ ಕಮೋಡ್ ಸುತ್ತ ಒಣ ನೆಲ, ಮೂಲೆಯಲ್ಲಿ ಗಾಜಿನೊಳಗೆ ಶವರ್ ಟ್ರೇ. ನಮ್ಮ ಬಾತ್‌ರೂಮ್‌ಗಳು ಹಾಗಿರುವುದಿಲ್ಲ ಅಲ್ವಾ.

ನಮ್ಮ ಬೇಸ್‌ಮೆಂಟ್ ಎತ್ತರ ನೆಲದಿಂದ ಸ್ಲ್ಯಾಬ್‌ವರೆಗೆ 2.4 ಮೀಟರ್. ಪೈಪಿಗೆ, ಇಳಿಜಾರಿಗೆ, ವಾಟರ್‌ಪ್ರೂಫಿಂಗ್‌ಗೆ ಅಂತ 18 ಸೆಂಟಿಮೀಟರ್ ಎತ್ತರಿಸಿದರು. ಉಳಿದದ್ದು 2.22. ಮೇಲೆ ಪೈಪ್ ಕಾಣದ ಹಾಗೆ ಫಾಲ್ಸ್ ಸೀಲಿಂಗ್ ಮಾಡಿಸೋಣ ಅಂದರು ಇಂಟೀರಿಯರ್‌ನವರು. ಅದಕ್ಕೆ 15 ಸೆಂಟಿಮೀಟರ್ ಹೋದರೆ 2.07, ಕೋಡ್‌ನ ಅಳತೆಗಿಂತ ಕೆಳಗೆ ಬಂದುಬಿಡುತ್ತದೆ. ಫಾಲ್ಸ್ ಸೀಲಿಂಗ್ ಬಿಟ್ಟೆವು. ಪೈಪ್ ಕಾಣುತ್ತದೆ, ಕಾಣಲಿ. ನೆಲ ಎತ್ತರಿಸುವ ಬದಲು ಕೆಳಗೆ ಅಗೆಯೋಣ ಅಂತ ಮೇಸ್ತ್ರಿ ಹೇಳಿದ್ದರು. ಬೇಸ್‌ಮೆಂಟ್‌ನಲ್ಲಿ ಅದಕ್ಕೆ ಒಪ್ಪಲೇಬೇಡಿ, ಕೆಳಗೆ ಇರುವುದು ಫುಟಿಂಗ್ ಮತ್ತು ಟೈ ಬೀಮ್, ಮನೆಯ ಭಾರವೆಲ್ಲ ಅದರ ಮೇಲೆ.

ಇನ್ನೊಂದು ವಿಷಯ ಬಹಳ ಮುಖ್ಯ, ಅಂಗಡಿಯವರು ಇದನ್ನು ಹೇಳಿದರೆ ಪಂಪ್ ಇನ್ನೂ ಚೆನ್ನಾಗಿ ಮಾರಾಟವಾದೀತು, ಆದರೂ ಯಾರೂ ಹೇಳಲಿಲ್ಲ. ನಿಮ್ಮ ರಸ್ತೆಯ ಯುಜಿಡಿ ಆಳವಾಗಿದ್ದು ಬೇಸ್‌ಮೆಂಟ್‌ನಿಂದ ನೇರವಾಗಿ ಪೈಪ್ ಕೊಡಲು ಆಗುತ್ತದೆ ಅಂದುಕೊಳ್ಳಿ. ಆಗ ಪಂಪ್ ಬೇಡವೇ ಬೇಡ ಅನಿಸುತ್ತದೆ. ಆದರೆ ರಸ್ತೆಯ ಲೈನ್ ಕಟ್ಟಿಕೊಂಡಾಗ ಕೊಳಚೆ ಮ್ಯಾನ್‌ಹೋಲ್ ಒಳಗೆ ಏರುತ್ತಾ ಬರುತ್ತದೆ, ಮುಚ್ಚಳದ ಮಟ್ಟಕ್ಕೆ ಬಂದ ಮೇಲೆಯೇ ರಸ್ತೆಗೆ ಚೆಲ್ಲುವುದು. ಅಷ್ಟರಲ್ಲಿ ಆ ಮುಚ್ಚಳಕ್ಕಿಂತ ಕೆಳಗಿರುವ ಕಮೋಡು, ನೆಲದ ಟ್ರ್ಯಾಪು ಎಲ್ಲದರಿಂದಲೂ ಊರಿನ ಕೊಳಚೆ ನಿಮ್ಮ ಮನೆಯೊಳಗೆ ಉಕ್ಕಿರುತ್ತದೆ. ಬೆಂಗಳೂರಿನಲ್ಲಿ ಇದು ಮಳೆಗಾಲದಲ್ಲಿ ಜಾಸ್ತಿ, ಯಾಕಂದ್ರೆ ಎಷ್ಟೋ ಮನೆಗಳು ತಾರಸಿಯ ಮಳೆನೀರಿನ ಪೈಪನ್ನು ಯುಜಿಡಿಗೆ ಬಿಟ್ಟಿವೆ. ಹಾಗೆ ಬಿಡಬಾರದು ಅಂತ ಜಲಮಂಡಳಿ ಹೇಳುತ್ತಲೇ ಇದೆ. ನಿಮ್ಮ ಮನೆಯದು ಎಲ್ಲಿಗೆ ಹೋಗುತ್ತಿದೆ ಅಂತ ಒಂದು ಸಲ ನೋಡಿಕೊಳ್ಳಿ, ಪಕ್ಕದ ಬೀದಿಯವರ ಬೇಸ್‌ಮೆಂಟ್ ಉಳಿಯುತ್ತದೆ.

ಹಾಗಾಗಿ ಬೇಸ್‌ಮೆಂಟ್ ಟಾಯ್ಲೆಟ್‌ನ ಪೈಪು ಮೊದಲು ರಸ್ತೆ ಮಟ್ಟಕ್ಕಿಂತ ಮೇಲೆ ಹತ್ತಿ, ಅಲ್ಲಿ ಬಾಗಿ, ಆಮೇಲೆ ಚೇಂಬರ್‌ಗೆ ಇಳಿಯಬೇಕು. ಮೇಲೆ ಹೋದದ್ದು ವಾಪಸ್ ಬರದ ಹಾಗೆ ತಡೆಯುವ ನಾನ್ ರಿಟರ್ನ್ ವಾಲ್ವ್ ಪಂಪ್ ಜೊತೆ ಬರುತ್ತದೆ, ಅದಷ್ಟನ್ನೇ ನಂಬಿ ಕೂರಬೇಡಿ. ನಮ್ಮಲ್ಲಿ ಪೈಪನ್ನು ಗ್ರೌಂಡ್ ಫ್ಲೋರ್ ಗೋಡೆಯ ಮೇಲೆ ಹತ್ತಿಸಿ ಮುಂದಿನ ಚೇಂಬರ್‌ಗೆ ಬಿಟ್ಟಿದ್ದಾರೆ. ಕಳೆದ ಮಳೆಗಾಲದಲ್ಲಿ ಬೀದಿಯ ಮ್ಯಾನ್‌ಹೋಲ್ ಉಕ್ಕಿ ರಸ್ತೆಯೆಲ್ಲ ಹರಿಯಿತು, ಜಲಮಂಡಳಿಯ 1916ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು. ನಮ್ಮ ಬೇಸ್‌ಮೆಂಟ್‌ಗೆ ಒಂದು ಹನಿ ಬರಲಿಲ್ಲ. ನಾಲ್ಕು ಮಾರ್ಕಿನಲ್ಲಿ ಎರಡು ಇದಕ್ಕೇ.

ಇನ್ನು ದಿನನಿತ್ಯದ ಬಳಕೆ. ಫ್ಲಶ್ ಮಾಡಿದಾಗ ಮಿಕ್ಸಿ ಓಡಿದ ಹಾಗೆ ಸದ್ದು ಬರುತ್ತದೆ, ಕೆಲವು ಸೆಕೆಂಡು. ಪಾರ್ಕಿಂಗ್ ಪಕ್ಕ ಆದ್ದರಿಂದ ಯಾರಿಗೂ ತೊಂದರೆ ಇಲ್ಲ, ಪಕ್ಕದಲ್ಲೇ ಯಾರಾದರೂ ಮಲಗಿದ್ದರೆ ಎಚ್ಚರ ಆಗುತ್ತಿತ್ತು. ಹೆಲ್ತ್ ಫಾಸೆಟ್, ಬಕೆಟ್ ನೀರು ಅಂತ ನಮ್ಮಲ್ಲಿ ನೀರು ಜಾಸ್ತಿ ಹೋಗುವುದರಿಂದ ಮೋಟಾರ್ ಕೂಡ ಜಾಸ್ತಿ ಸಲ ಓಡುತ್ತದೆ. ಪ್ಯಾಡು, ಹತ್ತಿ, ವೆಟ್ ವೈಪ್ಸ್, ಕೂದಲು ಯಾವುದೂ ಒಳಗೆ ಹೋಗಬಾರದು, ಬ್ಲೇಡ್‌ಗೆ ಸುತ್ತಿಕೊಂಡು ನಿಲ್ಲುತ್ತದೆ. ಮುಚ್ಚಳ ಇರುವ ಡಸ್ಟ್‌ಬಿನ್ ಇಟ್ಟು, ಬಳಸುವವರಿಗೆಲ್ಲ ಮೊದಲ ದಿನವೇ ಸ್ಪಷ್ಟವಾಗಿ ಹೇಳಿದೆ. ಬೋರ್‌ವೆಲ್ ನೀರು ಗಡಸು, ಒಳಗೆ ಬಿಳಿ ಪಾಚಿಯಂತೆ ಕಟ್ಟಿಕೊಂಡು ಸ್ವಿಚ್ ಸರಿಯಾಗಿ ಕೆಲಸ ಮಾಡದೆ ಹೋಗಬಹುದು, ಕಂಪನಿ ಹೇಳಿದ ದ್ರಾವಣ ಹಾಕಿ ಆಗಾಗ ತೊಳೆಯಬೇಕು. ಕುದಿಯುವ ನೀರು ಸುರಿಯಬಾರದು, ಎಷ್ಟು ಬಿಸಿ ತಡೆಯುತ್ತದೆ ಅನ್ನುವುದು ಮಾಡೆಲ್ ಮೇಲೆ ಇದೆ, ಮ್ಯಾನ್ಯುಯಲ್ ನೋಡಿ. ಕಳೆದುಕೊಂಡ ಒಂದು ಮಾರ್ಕು ಕರೆಂಟ್ ವಿಷಯಕ್ಕೆ. ಕರೆಂಟ್ ಹೋದರೆ ಪಂಪ್ ನಿಂತಿತು, ಫ್ಲಶ್ ಮಾಡುವ ಹಾಗಿಲ್ಲ. ಇನ್ವರ್ಟರ್‌ಗೆ ಕೊಡಬಹುದು, ಆದರೆ ಮೋಟಾರ್ ಶುರುವಾಗುವಾಗ ಎಳೆಯುವ ಕರೆಂಟ್ ತಡೆಯುವಂಥದ್ದು ಇರಬೇಕು.

ವೈರಿಂಗ್‌ನಲ್ಲಿ ದಯವಿಟ್ಟು ಉಳಿತಾಯ ಮಾಡಬೇಡಿ. 2025ರ ಮೇ ತಿಂಗಳ ಮಳೆಯಲ್ಲಿ ಬಿಟಿಎಂ ಲೇಔಟ್ ಕಡೆಯ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಬೇಸ್‌ಮೆಂಟ್ ನೀರನ್ನು ಪಂಪ್ ಹಾಕಿ ತೆಗೆಯಲು ಹೋಗಿ ಇಬ್ಬರು ಕರೆಂಟ್ ಹೊಡೆದು ತೀರಿಕೊಂಡರು, ಒಬ್ಬ 12 ವರ್ಷದ ಹುಡುಗ. ಬೇಸ್‌ಮೆಂಟ್ ಬಾತ್‌ರೂಮ್ ಲೈನ್‌ಗೆ ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಬೇಕೇ ಬೇಕು, ಅರ್ಥಿಂಗ್ ಸರಿಯಾಗಿರಬೇಕು, ಸಾಕೆಟ್ ಎತ್ತರದಲ್ಲಿರಬೇಕು, ಮೇನ್ ಆಫ್ ಮಾಡುವ ಸ್ವಿಚ್ ಮೇಲಿನ ಮಹಡಿಯಲ್ಲಿರಬೇಕು, ಕೆಳಗೆ ನೀರು ತುಂಬಿದಾಗ ಯಾರೂ ಇಳಿದು ಹೋಗಿ ಆಫ್ ಮಾಡುವ ಹಾಗಾಗಬಾರದು. ಹಾಗೆಯೇ ಗ್ಯಾಸ್ ಗೀಸರ್ ಬೇಡ. ಗಾಳಿ ಸರಿಯಾಗಿ ಆಡದ ಬಾತ್‌ರೂಮ್‌ನಲ್ಲಿ ಅದು ಕಾರ್ಬನ್ ಮಾನಾಕ್ಸೈಡ್ ತುಂಬಿಸುತ್ತದೆ, ವಾಸನೆ ಇಲ್ಲ, ಬಣ್ಣ ಇಲ್ಲ, ಒಳಗಿದ್ದವರಿಗೆ ಗೊತ್ತೇ ಆಗುವುದಿಲ್ಲ. ನಮ್ಮ ಊರಿನಲ್ಲೇ ಹೀಗೆ ಎಷ್ಟು ಜನ ಹೋಗಿದ್ದಾರೆ. ನಾವು ಸಣ್ಣ ಎಲೆಕ್ಟ್ರಿಕ್ ಗೀಸರ್ ಹಾಕಿಸಿದೆವು, ಎಕ್ಸಾಸ್ಟ್ ಫ್ಯಾನ್ ಲೈಟಿನ ಸ್ವಿಚ್ ಜೊತೆಗೇ ಓಡುವ ಹಾಗೆ ಮಾಡಿಸಿದೆವು.

ಡಬ್ಬಿ ಪಂಪ್ ಬದಲು ನೆಲದಲ್ಲಿ ಗುಂಡಿ ಮಾಡಿ ಸಬ್‌ಮರ್ಸಿಬಲ್ ಸೀವೇಜ್ ಪಂಪ್ ಇಳಿಸುವ ದಾರಿಯೂ ಇದೆ. ಹೊಸದಾಗಿ ಕಟ್ಟುವವರಿಗೆ, ಅದರಲ್ಲೂ ಎರಡು ಮೂರು ಬಾತ್‌ರೂಮ್ ಇರುವವರಿಗೆ ಅದೇ ಒಳ್ಳೆಯದು, ನೆಲ ಎತ್ತರಿಸುವ ತಾಪತ್ರಯ ಇಲ್ಲ, ಇಂಡಿಯನ್ ಕಮೋಡ್ ಕೂಡ ಹಾಕಬಹುದು. ಆದರೆ ಗುಂಡಿಗೆ ಗಾಳಿಯಾಡದ ಮುಚ್ಚಳ, ತಾರಸಿಯವರೆಗೆ ಹೋಗುವ ವೆಂಟ್ ಪೈಪ್ ಎರಡೂ ಬೇಕು. ಪಂಪನ್ನು ಸರಪಳಿ ಹಿಡಿದು ಮೇಲಿನಿಂದಲೇ ಎತ್ತುವ ಹಾಗೆ ಇರಬೇಕು. ಕೆಟ್ಟಾಗ ಯಾರನ್ನೋ ಕರೆದು ರಕ್ಷಣಾ ಸಾಧನ ಇಲ್ಲದೆ ಗುಂಡಿಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಇಲ್ಲದಿದ್ದರೂ ಅದು ಮಾಡಬಾರದ ಕೆಲಸ, ಒಳಗಿನ ಗ್ಯಾಸಿಗೆ ಮನುಷ್ಯ ಎರಡು ಉಸಿರಿಗೆ ಬೀಳುತ್ತಾನೆ.

ಹೊಸ ಮನೆ ಕಟ್ಟುತ್ತಿರುವವರಿಗೆ ಇನ್ನೊಂದು ಮಾತು. ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬೇಕಾದರೆ ಓಸಿ, ಅಂದರೆ ವಾಸಕ್ಕೆ ಯೋಗ್ಯ ಅನ್ನುವ ಆಕ್ಯುಪೆನ್ಸಿ ಸರ್ಟಿಫಿಕೇಟ್, ನೋಡಬೇಕು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಪ್ಲ್ಯಾನ್‌ನಲ್ಲಿ ಪಾರ್ಕಿಂಗ್ ಅಂತ ತೋರಿಸಿ ಕೆಳಗೆ ಬೆಡ್‌ರೂಮ್ ಕಟ್ಟಿದರೆ ಆ ಓಸಿ ಹೇಗೆ ಸಿಗುತ್ತದೆ? ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಬಂದಿವೆ, ಹಳೆಯ ಪ್ಲ್ಯಾನ್ ಯಾರು ಕೇಳುತ್ತಾರೆ ಅಂತ ಕೆಲವರು ಹೇಳುತ್ತಾರೆ. ಕಚೇರಿಯ ಬೋರ್ಡ್ ಬದಲಾಗಿದೆ, ನಿಮ್ಮ ಪ್ಲ್ಯಾನ್ ಮೇಲಿನ ಗೆರೆಗಳು ಬದಲಾಗಿಲ್ಲ.

ಖರ್ಚು ಕೇಳುವವರಿಗೆ: ಪಂಪ್ ಒಂದಕ್ಕೇ ಅರ್ಧ ಲಕ್ಷ ದಾಟಿತು, ವಾಟರ್‌ಪ್ರೂಫಿಂಗ್ ಮತ್ತು ನೆಲ ಎತ್ತರಿಸಿದ್ದು ಅದಕ್ಕಿಂತ ಜಾಸ್ತಿ ಆಯಿತು. ಕೊಳ್ಳುವ ಮುಂಚೆ ಸರ್ವಿಸ್ ಸೆಂಟರ್ ಬೆಂಗಳೂರಲ್ಲೇ ಇದೆಯಾ, ಬ್ಲೇಡು ಮತ್ತು ಸ್ವಿಚ್ಚು ಬಿಡಿಯಾಗಿ ಸಿಗುತ್ತವಾ ಅಂತ ಕೇಳಿ. ಪಂಪ್ ಹಿಂದೆ ಟೈಲ್ಸ್ ಕಟ್ಟಿ ಮುಚ್ಚಿಬಿಡಬೇಡಿ, ಬಿಚ್ಚಿ ಹೊರಗೆ ಎಳೆಯುವಷ್ಟು ಜಾಗ ಬಿಡಿಸಿ. ನಮ್ಮ ಪ್ಲಂಬರ್ ಒಂದೂವರೆ ಅಡಿ ಬಿಟ್ಟಿದ್ದಾರೆ, ಸರ್ವಿಸ್‌ನವರು ಬಂದಾಗ ಅಷ್ಟು ಸಾಕಾಯಿತು.